ಒಂಬತ್ತನೆಯ ಗುಳಿಯ ಹದಿನೈದು ಗಂಟೆ

ನಮ್ಮ ಆಫೀಸಿನಲ್ಲಿ ಹೊತ್ತು ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂಬ ಬೇಸರವೂ ಯಾರಿಗೂ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತಿದ್ದೆವು, ಸಂಜೆ ಐದೂವರೆಗೆ ಮುಚ್ಚುತ್ತಿದ್ದೆವು. ನಡುವೆ ಹೊತ್ತು ಮನೆಯ ಬೆಕ್ಕಿನ ಹಾಗೆ ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗುತ್ತಿತ್ತು.

ಎಂಬತ್ತಮೂರನೆಯ ಇಸವಿಯ ಜುಲೈಯಲ್ಲಿ ನಮ್ಮ ಆಡಿಟರ್ ಗೌರೀಶಂಕರ ಭಟ್ಟರು ಮಂಗಳೂರಿಗೆ ಹೋಗಿ, ಆಡಿಟರುಗಳದ್ದೇ ಒಂದು ಸಭೆಯಲ್ಲಿ ಕೂತು ಬಂದರು. ಅಲ್ಲಿ ಬೊಂಬಾಯಿಯವರೊಬ್ಬರು ಮಾತಾಡಿದರಂತೆ. ದೊಡ್ಡ ಆಫೀಸುಗಳಲ್ಲಿ ಯಾವ ಪಾರ್ಟಿಯ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತೆಂದು ದಿನಾ ಬರೆದಿಡುತ್ತಾರಂತೆ. ಲೆಕ್ಕ ತಂದುಕೊಡುವವರನ್ನು ನಮ್ಮಲ್ಲಿ ಪಾರ್ಟಿ ಎನ್ನುವುದು. ಪುತ್ತೂರು, ಸುಳ್ಯ, ಕಡಬ ಎಲ್ಲ ಸೇರಿ ನಮಗೆ ಅರುವತ್ತು ಪಾರ್ಟಿಗಳಿದ್ದರು. ಭಟ್ಟರು ಬಸ್ಸಿನಿಂದ ಇಳಿಯುವಾಗಲೇ ಅವರ ಮುಖ ಬೊಂಬಾಯಿಯ ಕಡೆಗೆ ತಿರುಗಿತ್ತು.

ಅದರಿಂದ ಕಷ್ಟಕ್ಕೆ ಬಿದ್ದವರು ದುಗ್ಗಪ್ಪ ರೈಗಳು.

ರೈಗಳು ನಮ್ಮ ಆಫೀಸಿನ ಗುಮಾಸ್ತರು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಬೆತ್ತದ ಕುರ್ಚಿಯಲ್ಲಿ ಕೂತು, ಆ ಕುರ್ಚಿಗೆ ಅವರ ಬೆನ್ನಿನ ಆಕಾರವೇ ಬಂದಿತ್ತು. ಅವರ ಕೂಡಿಸುವಿಕೆಯಲ್ಲಿ ತಪ್ಪು ಹುಡುಕಿದವರಿಲ್ಲ. ಆದರೆ ಕೂಡಿಸಲು ಶುರುಮಾಡುವುದಕ್ಕೆ ಮೊದಲು ಅವರಿಗೆ ತುಂಬ ಕೆಲಸವಿರುತ್ತಿತ್ತು. ಕನ್ನಡಕ ಹುಡುಕಬೇಕು. ಕನ್ನಡಕ ಹಣೆಯ ಮೇಲೆಯೇ ಉಂಟೆಂದು ನಾನು ಹೇಳಬೇಕು. ಅಷ್ಟರಲ್ಲಿ ಯಾರಾದರೂ ಪಾರ್ಟಿ ಬಂದು ತನ್ನ ಮಗಳ ಸಂಬಂಧದ ವಿಷಯ ತೆಗೆಯಬೇಕು, ಹುಡುಗನ ಕಡೆಯವರ ಮೂರು ತಲೆಮಾರನ್ನು ರೈಗಳು ವಿಚಾರಿಸಬೇಕು. ಆಮೇಲೆ ಮತ್ತೆ ಕನ್ನಡಕ.

ಸೋಮವಾರ ಬೆಳಿಗ್ಗೆ ಭಟ್ಟರು ಒಂದು ವಾರದ ಕೆಲಸಕ್ಕೆಂದು ಮಂಗಳೂರಿಗೆ ಹೊರಟು ನಿಂತು ಹೇಳಿದರು: “ರೈಗಳೇ, ನಿಮ್ಮ ಹೊತ್ತೆಲ್ಲ ಎಲ್ಲಿಗೆ ಹೋಗುದು ಅಂತ ನನಗೆ ಗೊತ್ತಾಗಬೇಕು. ಒಂದು ವಾರ. ಶನಿವಾರ ಸಂಜೆ ಬಂದು ಲೆಕ್ಕ ನೋಡ್ತೇನೆ.”

“ನೋಡುವ, ಭಟ್ರೇ.”

“ನೋಡುವ ಅಲ್ಲ ಮಾರಾಯ್ರೆ. ನನ್ನ ಅಕ್ಕನ ಮಗ ಉದಯಶಂಕರ ಬಿ.ಕಾಂ. ಮುಗಿಸಿ ಕೂತಿದ್ದಾನೆ. ನಿಮ್ಮ ಲೆಕ್ಕ ಸರಿ ಬಾರದಿದ್ದರೆ ಆಗಸ್ಟ್ ಒಂದಕ್ಕೆ ಅವನು ಬಂದು ಆ ಕುರ್ಚಿಯಲ್ಲಿ ಕೂರುದು. ಬೇಸರ ಮಾಡ್ಬೇಡಿ.”

ಭಟ್ಟರು ಹೋದ ಮೇಲೆ ರೈಗಳು ಎದ್ದು ಕುರ್ಚಿಯನ್ನು ಒಮ್ಮೆ ನೋಡಿದರು. ಬೇರೆಯವರು ಅದರಲ್ಲಿ ಹೇಗೆ ಕೂರುವುದೆಂದು ಅವರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ನಾನು ಅಲ್ಲಿ ಒಳಬಾಗಿಲಿನ ಬಳಿ ಕೂತು ಫೈಲು ಹೊಲಿಯುವವಳು. ನರಿಮೊಗರಿನಿಂದ ಬರುತ್ತಿದ್ದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಜನರ ಎದುರು ಮಾತಾಡಬೇಕೆಂದರೆ ನನ್ನ ನಾಲಿಗೆ ಸೂಜಿಯ ಕಣ್ಣಿಗೆ ಹೋಗದ ದಾರದ ಹಾಗೆ ಆಗುತ್ತಿತ್ತು. ದಿನಾ ನಾಲ್ಕು ಗಂಟೆಗೆ, ಪಾರ್ಟಿಗಳೆಲ್ಲ ಬಸ್ಸಿಗೆ ಹೋದ ಮೇಲೆ, ರೈಗಳು ನನ್ನನ್ನು ಕರೆದು ಅರ್ಧ ಗಂಟೆ ಲೆಡ್ಜರು ಬರೆಯುವುದನ್ನು ಕಲಿಸುತ್ತಿದ್ದರು. ಇದು ಭಟ್ಟರಿಗೆ ಗೊತ್ತಿರಲಿಲ್ಲ.

ಮೊದಲು ರೈಗಳು ಹೊತ್ತನ್ನು ಪುಸ್ತಕದಲ್ಲಿ ಬರೆಯಲು ನೋಡಿದರು. ಹತ್ತು ಗಂಟೆಗೆ ‘ಹತ್ತು ಗಂಟೆ’ ಎಂದು ಬರೆದರು. ಬರೆದ ಮೇಲೆ ಯಾವ ಕೆಲಸ ಮಾಡಲು ಹೊರಟಿದ್ದೆನೆಂಬುದು ಮರೆಯಿತು. ನೆನಪಾಗುವಾಗ ಹತ್ತೂ ಇಪ್ಪತ್ತು. ಆ ಇಪ್ಪತ್ತು ನಿಮಿಷವನ್ನು ಯಾರ ಹೆಸರಿಗೆ ಬರೆಯುವುದೆಂದು ಯೋಚಿಸುವಾಗ ಹನ್ನೊಂದಾಯಿತು. ಅಲಾರಮ್ ಗಡಿಯಾರ ತರಿಸಿದರು. ಅದು ಅರ್ಧ ಗಂಟೆಗೊಮ್ಮೆ ಬಡಿದಾಗಲೆಲ್ಲ ಬೆಂಚಿನಲ್ಲಿ ಕೂತಿದ್ದ ಪಾರ್ಟಿಗಳು ಬಸ್ಸು ತಪ್ಪಿತೆಂದು ಎದ್ದು ಓಡಿದರು. ಒಬ್ಬರು ಓಡುವಾಗ ತಮ್ಮ ಚಪ್ಪಲಿ ಬಿಟ್ಟು ರೈಗಳದ್ದನ್ನು ಹಾಕಿಕೊಂಡು ಹೋದರು.

ಬರಿಗಾಲಲ್ಲಿ ಊಟಕ್ಕೆ ಹೊರಟ ರೈಗಳು ಆಫೀಸಿನ ಹಿಂದಿದ್ದ ಭಟ್ಟರ ಮನೆಯ ಜಗಲಿಯ ಎದುರು ನಿಂತುಬಿಟ್ಟರು. ಅಲ್ಲಿ ಭಟ್ಟರ ಹೆಂಡತಿ ವಸುಮತಿ ಅಮ್ಮ ಚೆನ್ನೆಮಣೆ ಒರೆಸುತ್ತಿದ್ದರು. ಮಳೆಗಾಲದ ಆಟಿ ತಿಂಗಳು ಬಂದರೆ ನಮ್ಮ ಕಡೆ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗಳಲ್ಲಿ ಆಡುವ ಕಾಯಿಯಾಗಿ ಕೆಂಪು ಮಂಜೊಟ್ಟಿ ಬೀಜ. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗುವ ಆಟ ಅದು.

“ವಸುಮತಿ ಅಮ್ಮ, ಗುಳಿ ಎಷ್ಟು?”

“ಹದಿನಾಲ್ಕು. ನಿಮ್ಮ ಮನೆಯಲ್ಲಿ ಎಷ್ಟು ಇರುದು?”

“ನಮ್ಮಲ್ಲಿಯೂ ಹದಿನಾಲ್ಕೇ. ಕೆಲಸ ಬಾಕಿ ಇರುವ ಪಾರ್ಟಿಗಳು ಹದಿಮೂರು!” ಎಂದರು ರೈಗಳು. ವಸುಮತಿ ಅಮ್ಮ ಮಜ್ಜಿಗೆ ಕೊಡಲೇ ಎಂದು ಕೇಳಿದರು. ಬಿಸಿಲು ತಲೆಗೇರಿದವರಿಗೆ ಅವರು ಮಜ್ಜಿಗೆ ಕೊಡುವುದು. ಆದರೆ ಅದು ಆಟಿ, ಬಿಸಿಲಿರಲಿಲ್ಲ.

ಹೀಗೆ ಬೊಂಬಾಯಿಯ ಪದ್ಧತಿ ಪುತ್ತೂರಿಗೆ ಬಂತು. ರೈಗಳು ಮಣೆಯನ್ನು ಒಂದು ವಾರಕ್ಕೆಂದು ಕೇಳಿ ಆಫೀಸಿಗೆ ತಂದರು. ಒಂದೊಂದು ಗುಳಿ ಒಂದೊಂದು ಪಾರ್ಟಿಗೆ, ಹದಿನಾಲ್ಕನೆಯದು ‘ಇತರ’ ಕೆಲಸಕ್ಕೆ. ಅರ್ಧ ಗಂಟೆ ಕೆಲಸ ಮಾಡಿದರೆ ಆ ಪಾರ್ಟಿಯ ಗುಳಿಗೆ ಒಂದು ಕಾಯಿ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಗುಳಿಯ ಬದಿಗೆ ಹೆಸರು ಅಂಟಿಸದೆ ನಂಬರು ಮಾತ್ರ ಅಂಟಿಸಿದೆವು. ಯಾವ ನಂಬರು ಯಾರದ್ದೆಂಬ ಚೀಟಿ ರೈಗಳ ಅಂಗಿಯ ಕಿಸೆಯಲ್ಲಿತ್ತು. ಸೋಮವಾರ ಬೆಳಗಿನದ್ದನ್ನೂ ನೆನಪಿನಿಂದ ಸೇರಿಸಿ ದಿನಕ್ಕೆ ಎಂಟು ಗಂಟೆ, ಆರು ದಿನ. ಶನಿವಾರ ಸಂಜೆಗೆ ಮಣೆಯಲ್ಲಿ ತೊಂಬತ್ತಾರು ಕಾಯಿ ಇರಬೇಕು.

ಆಶ್ಚರ್ಯವೆಂದರೆ ಅದು ನಡೆಯಿತು. ರೈಗಳಿಗೆ ಬರೆಯಲು ಮರೆಯುತ್ತಿತ್ತು, ಕಾಯಿ ಹಾಕಲು ಮರೆಯುತ್ತಿರಲಿಲ್ಲ. ಸುಳ್ಯದ ಮೇದಪ್ಪ ಗೌಡರು ಅಕ್ಕಿ ಮಿಲ್ಲಿನ ಲೆಕ್ಕದ ಜೊತೆಗೆ ತಮ್ಮ ಮಂಡಿನೋವಿನ ಚರಿತ್ರೆಯನ್ನೂ ತಂದು ಮೂರು ಗಂಟೆ ಹೇಳಿದರೆ ಆರನೆಯ ಗುಳಿಗೆ ಆರು ಕಾಯಿ. ಕಡಬದಿಂದ ಮರದ ವ್ಯಾಪಾರದ ಮೊಯ್ದೀನ್ ಬ್ಯಾರಿಗಳು ಬಂದು ಅರ್ಧ ಗಂಟೆ ಕೂತರೆ ನಾಲ್ಕನೆಯದಕ್ಕೆ ಒಂದು. ಸಂಜೆ ನನಗೆ ಲೆಡ್ಜರು ಕಲಿಸಿ ಮುಗಿಸಿದಾಗ ರೈಗಳು ಸ್ವಲ್ಪ ಯೋಚಿಸಿ, ಹದಿನಾಲ್ಕಕ್ಕೆ ಒಂದು ಕಾಯಿ ಹಾಕಿದರು.

“ಅದು ಯಾಕೆ? ಭಟ್ರು ಕೇಳಿದರೆ?” ಎಂದೆ.

“ಹೊತ್ತು ಹೋದದ್ದು ಹೌದಲ್ಲವಾ? ಹೋದದ್ದನ್ನು ಇಲ್ಲ ಅನ್ನಲಿಕ್ಕೆ ಉಂಟಾ ಸೀತು?”

ಒಂಬತ್ತನೆಯ ಗುಳಿ ಮಾತ್ರ ಖಾಲಿಯೇ ಇತ್ತು. ಅದು ಈಶ್ವರಮಂಗಲದ ಸುಹರಾ ಎಂಬವರದ್ದು. ಗಂಡ ತೀರಿಹೋದ ಮೇಲೆ, ಊರ ಹೆಂಗಸರು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚನ್ನು ಅವರೇ ನಡೆಸುತ್ತಿದ್ದರು. ನಾಲ್ಕು ವರ್ಷಗಳಿಂದ ಅವರ ಪುಸ್ತಕ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು, ಕಂಡಕ್ಟರರ ಕೈಯಲ್ಲಿ ಹೋಗುತ್ತಿತ್ತು. ಅವರನ್ನು ನಾವು ಯಾರೂ ನೋಡಿರಲಿಲ್ಲ. ಪುಸ್ತಕವನ್ನು ಅವರು ಮಲಯಾಳದಲ್ಲಿ ಬರೆಯುತ್ತಿದ್ದರು. ನಮ್ಮಲ್ಲಿ ಮಲಯಾಳ ಓದಲು ಬರುವುದು ಕಾಸರಗೋಡಿನ ಕಡೆ ಅಜ್ಜನ ಮನೆಯಲ್ಲಿ ಬೆಳೆದ ರೈಗಳಿಗೆ ಮಾತ್ರ. “ಅದಕ್ಕೆ ಒಂದು ಸಮಾಧಾನದ ದಿನ ಬೇಕು” ಎಂದು ರೈಗಳು ದಿನಾ ಹೇಳುತ್ತಿದ್ದರು. ಸಮಾಧಾನದ ದಿನ ಬಂದಿರಲಿಲ್ಲ. ತೆರಿಗೆಯ ರಿಟರ್ನ್ ಕೊಡಲು ಕೊನೆಯ ದಿನ ಮುಂದಿನ ಶನಿವಾರ.

ಆ ಶನಿವಾರ ಮಧ್ಯಾಹ್ನ ರೈಗಳು ಊಟಕ್ಕೆ ಹೋಗಿದ್ದರು. ಬೆಂಚಿನಲ್ಲಿ ಮೇದಪ್ಪ ಗೌಡರೂ ಮೊಯ್ದೀನ್ ಬ್ಯಾರಿಗಳೂ ಅವರನ್ನು ಕಾಯುತ್ತಿದ್ದರು. ನಾನು ಒಳಬಾಗಿಲಿನಲ್ಲಿ ಹೊಲಿಯುತ್ತಿದ್ದೆ.

ಗೌಡರು ಮಣೆಯನ್ನು ನೋಡಿದರು. ಬ್ಯಾರಿಗಳು ಗೌಡರು ನೋಡಿದ್ದನ್ನು ನೋಡಿದರು.

“ಆಫೀಸಿನಲ್ಲಿ ಚೆನ್ನೆಮಣೆ ಎಂತಕ್ಕೆ, ಬ್ಯಾರಿಗಳೇ?”

“ಆಟಿ ಅಲ್ವಾ ಗೌಡ್ರೇ. ಭಟ್ರ ಹೆಂಡತಿ ಇಟ್ಟದ್ದಾಗಿರಬೇಕು.”

“ಕಾಯಿಯೂ ತುಂಬ ಉಂಟು.”

“ನಾವು ಸಣ್ಣದಿರುವಾಗ ಉಮ್ಮನ ಹತ್ತಿರ ಆಡಿದ್ದು. ಈಗ ಮರೆತುಹೋಗಿದೆ.”

ಮರೆತವರು ಹೇಗೆ ಆಡುತ್ತಾರೆಂದು ನಾನು ಅಂದು ನೋಡಿದೆ. ಗೌಡರು ಒಂದು ಗುಳಿ ಎತ್ತಿ ಟಪಟಪ ಬಿಟ್ಟುಕೊಂಡು ಹೋದರು. ಬ್ಯಾರಿಗಳು ತೋಳು ಮಡಚಿದರು. ಕೊನೆಯ ಕಾಯಿ ಬಿದ್ದ ಮೇಲೆ ಮುಂದಿನ ಗುಳಿ ಖಾಲಿಯಿದ್ದರೆ, ಅದರಾಚೆಯ ಗುಳಿಯಲ್ಲಿದ್ದುದೆಲ್ಲ ಆಡಿದವರಿಗೆ. ಬ್ಯಾರಿಗಳು ಹಾಗೆ ಮೊದಲು ಹೊಡೆದದ್ದೇ ಆರನೆಯ ಗುಳಿಯನ್ನು. ಅದರಲ್ಲಿ ಗೌಡರ ಇಡೀ ವಾರದ ಮಂಡಿನೋವು ಇತ್ತು.

“ಒಂದು ಮಿನಿಟ್ ಬ್ಯಾರಿಗಳೇ, ಆ ಕಾಯಿಯನ್ನು ನಾನು ಅಲ್ಲಿ ಬಿಡ್ಲಿಕ್ಕೆ ಇರ್ಲಿಲ್ಲ. ಕೈ ಜಾರಿದ್ದು.”

“ಹಾಕಿದ ಕಾಯಿ ತೆಗಿಯುವ ಕ್ರಮ ಇಲ್ಲ ಗೌಡ್ರೇ. ಯಾವ ಊರಿನಲ್ಲಿಯೂ ಇಲ್ಲ.”

ಹೀಗೆ ನಡೆದು ಬ್ಯಾರಿಗಳ ಎರಡೂ ಅಂಗೈ ತುಂಬುವಾಗ ಮೆಟ್ಟಿಲಿನಲ್ಲಿ ರೈಗಳ ಕೆಮ್ಮು ಕೇಳಿಸಿತು. ಗಟ್ಟಿ ಮೀಸೆಯ ಗಂಡಸರಿಬ್ಬರು ಹೆಂಗಸರು ಮಕ್ಕಳು ಆಡುವ ಆಟ ಆಡುತ್ತಿರುವುದನ್ನು ಯಾರಾದರೂ ನೋಡಿದರೆ ಕಡಬಕ್ಕೂ ಸುಳ್ಯಕ್ಕೂ ಮುಖವಿರುವುದಿಲ್ಲ. ಬ್ಯಾರಿಗಳು ಗಡಿಬಿಡಿಯಲ್ಲಿ ಬಲಗೈಯಲ್ಲಿದ್ದುದನ್ನು ಒಂಬತ್ತನೆಯ ಗುಳಿಗೂ ಎಡಗೈಯಲ್ಲಿದ್ದುದನ್ನು ನಾಲ್ಕನೆಯ ಗುಳಿಗೂ ಸುರಿದು ಬೆಂಚಿಗೆ ಹಾರಿದರು. ಗೌಡರು ಮಂಡಿನೋವು ಮರೆತು ಹಾರಿದರು. ಆಗ ಇಬ್ಬರಿಗೂ ನಾನು ಕಾಣಿಸಿದೆ.

“ಮಗಾ, ಯಾರಿಗೂ ಹೇಳ್ಬೇಡ. ಆಯ್ತಾ?” ಎಂದು ಗೌಡರು ಕೈ ಮುಗಿದರು.

ನಾನು ತಲೆಯಾಡಿಸಿದೆ. ಮಾತು ಕೊಟ್ಟ ಹಾಗಾಯಿತು. ಮಾತಾಡದೆಯೇ ಮಾತು ಕೊಡಬಹುದೆಂಬುದೇ ನನ್ನ ಹಾಗಿನವರಿಗೆ ಇರುವ ತೊಂದರೆ.

ಸಂಜೆ ಭಟ್ಟರು ಬಂದವರೇ ಕಾಯಿ ಎಣಿಸಿದರು. ಒಟ್ಟು ತೊಂಬತ್ತಾರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅವರ ಮುಖ ಅರಳಿತು. ನಾಲ್ಕರಲ್ಲಿ ಇಪ್ಪತ್ತಾರು ಕಾಯಿ, ಹದಿಮೂರು ಗಂಟೆ. ಆರರಲ್ಲಿ ಒಂದೇ ಒಂದು, ಅರ್ಧ ಗಂಟೆ. ಒಂಬತ್ತರಲ್ಲಿ ಮೂವತ್ತು, ಹದಿನೈದು ಗಂಟೆ. ಹದಿನಾಲ್ಕರಲ್ಲಿ ಆರು ಕಾಯಿ. ಆಟ ಆ ಮೂಲೆಗೆ ತಲುಪಿರಲಿಲ್ಲ.

ರೈಗಳು ಕಿಸೆಯ ಚೀಟಿ ತೆಗೆದು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. “ಸುಹರಾರದ್ದು ಹದಿನೈದು ಗಂಟೆಯಾ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ತಮ್ಮ ನೆನಪಿಗೂ ಕಾಯಿಗೂ ಜಗಳ ಬಂದಾಗ ಕಾಯಿಯನ್ನೇ ನಂಬುವಷ್ಟು ವಿನಯ ಅವರಿಗಿತ್ತು. ಸ್ವಲ್ಪ ಹೊತ್ತಿಗೆ ಅವರ ಮುಖ ತಿಳಿಯಾಯಿತು. “ಇಡೀ ವಾರ ಆ ಪುಸ್ತಕದ್ದೇ ಚಿಂತೆ ಮಾಡಿದ್ದೆ. ಚಿಂತೆ ಮಾಡುದೂ ಕೆಲಸವೇ ಅಲ್ವಾ ಸೀತು? ಆಗ ಕೈ ತನ್ನಷ್ಟಕ್ಕೆ ಕಾಯಿ ಹಾಕಿರಬೇಕು.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಟ್ಟರು ರೈಗಳ ಹೆಗಲಿನ ಮೇಲೆ ಕೈಯಿಟ್ಟು, “ನಿಮ್ಮ ಹೊತ್ತು ಸರಿಯಾಗಿಯೇ ಹೋಗಿದೆ ಮಾರಾಯ್ರೆ” ಎಂದರು. ನಾನು ಬಾಯಿ ಮುಚ್ಚಿದೆ. ಒಟ್ಟು ಸರಿಯುಂಟಲ್ಲ, ಕುರ್ಚಿ ಉಳಿಯಿತಲ್ಲ ಎಂದುಕೊಂಡೆ.

ಆದರೆ ಭಟ್ಟರೊಳಗಿನ ಬೊಂಬಾಯಿ ಅಲ್ಲಿಗೆ ನಿಲ್ಲಲಿಲ್ಲ. ಹದಿಮೂರು ಪಾರ್ಟಿಗಳಿಗೂ ಕಾಗದ ಹೋಗಬೇಕೆಂದರು. ಅವರು ಹೇಳಿದರು, ದುಂಡಗಿನ ಅಕ್ಷರದವಳೆಂದು ನಾನು ಬರೆದೆ: ‘ಮಾನ್ಯರೇ, ಕಳೆದ ವಾರ ತಮ್ಮ ಕೆಲಸಕ್ಕಾಗಿ ನಮ್ಮ ಕಚೇರಿಯು ಇಷ್ಟು ಗಂಟೆಗಳನ್ನು ವಿನಿಯೋಗಿಸಿದೆಯೆಂದು ತಿಳಿಸಲು ಸಂತೋಷಪಡುತ್ತೇವೆ.’ ಗೌಡರ ಕಾಗದದಲ್ಲಿ ‘ಅರ್ಧ’ ಎಂದು ಬರೆಯುವಾಗ ನನ್ನ ಪೆನ್ನು ಎರಡು ಸಲ ನಿಂತಿತು.

ಸೋಮವಾರ ಅಂಚೆಗೆ ಹಾಕಿದ್ದು ಮಂಗಳವಾರ ಮುಟ್ಟಿತು. ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಬಸ್ಸಿಗೆ ಮೇದಪ್ಪ ಗೌಡರು ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಜಗಳಕ್ಕೆ ಬಂದವರು ಹಾಕುವ ಹಾಗೆ.

“ಭಟ್ರೇ, ಅರ್ಧ ಗಂಟೆಯಾ?”

“ಕೂತ್ಕೊಳ್ಳಿ ಗೌಡ್ರೇ.”

“ಕೂರುದಿಲ್ಲ. ಕೂತರೂ ನಿಮ್ಮಲ್ಲಿ ಲೆಕ್ಕಕ್ಕೆ ಇಲ್ಲವಲ್ಲ! ಒಂದೇ ವಾರದಲ್ಲಿ ಮೂರು ಸಲ ಬಂದಿದ್ದೇನೆ. ಇಲ್ಲಿ ನಾನು ಬೆಲ್ಲ ನೀರು ಕುಡಿದದ್ದೇ ಅರ್ಧ ಗಂಟೆ ಆಗ್ತದೆ. ನನ್ನ ಭಾವ ಕಾಗದ ಓದಿ ಎಂತ ಹೇಳಿದ ಗೊತ್ತುಂಟಾ? ‘ಭಾವ, ಮನೆಗೆ ಬಂದ ಸಾಬೂನು ಮಾರುವವನನ್ನೂ ನಾವು ಇದಕ್ಕಿಂತ ಹೆಚ್ಚು ಹೊತ್ತು ಮಾತಾಡಿಸ್ತೇವೆ’ ಅಂತ. ಹೆಂಡತಿಯ ಎದುರು!”

ಅಷ್ಟರಲ್ಲಿ ಮೆಟ್ಟಿಲಿನಲ್ಲಿ ದಡದಡ ಸದ್ದಾಯಿತು. ಮೊಯ್ದೀನ್ ಬ್ಯಾರಿಗಳು ಬಂದರು. ಹಿಂದೆ ಅವರ ಅಣ್ಣ, ಅಣ್ಣನ ಹಿಂದೆ ಇಬ್ಬರು ಭಾವಂದಿರು, ಅವರ ಕೈಯಲ್ಲಿ ಹನ್ನೊಂದು ವರ್ಷದ ಪುಸ್ತಕಗಳಿದ್ದ ಕಬ್ಬಿಣದ ಟ್ರಂಕು. ಬ್ಯಾರಿಗಳ ಕಣ್ಣು ಕೆಂಪಾಗಿತ್ತು.

“ಭಟ್ರೇ, ಸತ್ಯ ಹೇಳಿ. ಎಂತ ಸಿಕ್ಕಿದೆ?”

“ಎಲ್ಲಿ ಎಂತ ಸಿಕ್ಕಿದ್ದು?”

“ನನ್ನ ಪುಸ್ತಕದಲ್ಲಿ! ಹದಿಮೂರು ಗಂಟೆ ನೋಡಿದ್ದೀರಂತೆ. ಕಡಬದಲ್ಲಿ ಡಾಕ್ಟ್ರು ಜ್ವರ ಆದರೆ ಐದು ನಿಮಿಷ ನೋಡ್ತಾರೆ. ಹದಿಮೂರು ಗಂಟೆ ನೋಡಿದರೆ ಅದು ಆಪರೇಷನ್! ನಮ್ಮ ಮನೆಯಲ್ಲಿ ಉಮ್ಮ ನಿನ್ನೆಯಿಂದ ಗಂಜಿ ಮುಟ್ಟಲಿಲ್ಲ. ನಾನು ಕಳ್ಳ ಲೆಕ್ಕ ಬರೆದವನಲ್ಲ ಭಟ್ರೇ. ಆ ಒಂದು ಮಾವಿನ ಮರದ್ದು ಮಾತ್ರ ಬರೀಲಿಕ್ಕೆ ಬಿಟ್ಟುಹೋದದ್ದು, ಅದು ಗಾಳಿಗೆ ಬಿದ್ದ ಮರ!”

“ಇಕೊಳ್ಳಿ!” ಎಂದರು ಗೌಡರು. “ಇವರಿಗೆ ಹದಿಮೂರು! ಶನಿವಾರ ಒಂದು ಗಳಿಗೆ ಕೂತವರಿಗೆ ಹದಿಮೂರು! ನಾನು ಸುಳ್ಯದವ ಅಂತ ಅಲ್ವಾ?”

“ನಿಮಗೆ ಬೇಕಾದರೆ ನನ್ನ ಹದಿಮೂರೂ ತೆಕ್ಕೊಳ್ಳಿ ಗೌಡ್ರೇ, ನನಗೆ ಅರ್ಧ ಸಾಕು. ಅಲ್ಲಾಹು ನಿಮಗೆ ಒಳ್ಳೆದು ಮಾಡ್ಲಿ.”

ಗದ್ದಲ ಕೇಳಿ ವಸುಮತಿ ಅಮ್ಮ ಹಿಂದಿನ ಬಾಗಿಲಿಗೆ ಬಂದು ನಿಂತರು. “ಆಟಿಯಲ್ಲಿ ನಾನು ಆಡುವ ಮಣೆ. ಒಂದು ವಾರಕ್ಕೆ ಅಂತ ಕೊಂಡೋದದ್ದು ವಾಪಸ್ ಬರ್ಲಿಲ್ಲ. ಮಣೆಗೆ ಸಿಟ್ಟು ಬಂದಿದೆ” ಎಂದರು. ಯಾರೂ ಕಿವಿ ಹಾಕಲಿಲ್ಲ.

ಈ ನಡುವೆ ಇನ್ನೊಬ್ಬರು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಮಾತ್ರ ನೋಡಿದೆ. ತಲೆಗೆ ಬಿಳಿಯ ತಟ್ಟದ ಬಟ್ಟೆ ಹೊದ್ದ ಹೆಂಗಸು, ನಲವತ್ತರ ಹತ್ತಿರದ ವಯಸ್ಸು. ಮಡಿಲಲ್ಲಿ ಒಂದು ಟಿಫಿನ್ ಡಬ್ಬಿ, ಒಂದು ಚಿಪ್ಪು ನೇಂದ್ರ ಬಾಳೆಹಣ್ಣು. ಕೈಯಲ್ಲಿ ನನ್ನ ಅಕ್ಷರದ ಕಾಗದ. ನಾನು ಅದನ್ನು ನೋಡಿದ್ದನ್ನು ನೋಡಿ ಅವರು ನಕ್ಕರು. ನಾನು ಹೊಲಿಗೆಗೆ ತಲೆ ತಗ್ಗಿಸಿದೆ.

ಭಟ್ಟರು ರೈಗಳ ಕಡೆಗೆ ತಿರುಗಿದರು. ಸ್ವರ ಎತ್ತರಿಸಲಿಲ್ಲ, ಅದೇ ಹೆಚ್ಚು ಹೆದರಿಕೆಯಾದದ್ದು.

“ರೈಗಳೇ, ಇಪ್ಪತ್ತೆರಡು ವರ್ಷದಲ್ಲಿ ನೀವು ನಿಧಾನ ಮಾಡಿದ್ದುಂಟು. ಸುಳ್ಳು ಲೆಕ್ಕ ಬರೆದದ್ದಿಲ್ಲ. ಈ ಕುರ್ಚಿಗಾಗಿ ಬರೆದಿರಾ?”

ರೈಗಳು ಎದ್ದರು. ನಾಲ್ಕರ ಗುಳಿ ನೋಡಿದರು, ಆರರದ್ದು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತನ್ನ ಕೈಯೇ ತನಗೆ ಮೋಸ ಮಾಡಿತೋ ಎಂಬ ಗಾಬರಿ ಇತ್ತು. ಗೋಡೆಯ ಮೊಳೆಯಿಂದ ಕೊಡೆ ತೆಗೆದರು.

“ನಾನು ಬರೆದದ್ದಲ್ಲ ಭಟ್ರೇ. ಆದರೆ ಹೇಗಾಯ್ತು ಅಂತ ಹೇಳ್ಲಿಕ್ಕೂ ಆಗುದಿಲ್ಲ. ಲೆಕ್ಕ ಹೇಗಾಯ್ತು ಅಂತ ಹೇಳ್ಲಿಕ್ಕಾಗದ ಗುಮಾಸ್ತ ಎಂತಕ್ಕೆ? ಉದಯಶಂಕರನಿಗೆ ಕಾಗದ ಹಾಕಿ.”

ಆಮೇಲೆ ಬಾಗಿಲಿಗೆ ಹೋಗುವವರು ತಿರುಗಿ ಬಂದು, “ನನ್ನ ಕನ್ನಡಕ?” ಎಂದರು.

“ಹಣೆಯಲ್ಲಿ ಉಂಟು” ಎಂದೆ. ಅಷ್ಟು ಹೇಳಿದ ನಾಲಿಗೆ ಅಲ್ಲಿಗೆ ನಿಲ್ಲಲಿಲ್ಲ. “ಅವರು ಸುಳ್ಳು ಬರೆದದ್ದಲ್ಲ. ಗೌಡ್ರೂ ಬ್ಯಾರಿಗಳೂ ಶನಿವಾರ ಮಧ್ಯಾಹ್ನ ಅದರಲ್ಲಿ ಚೆನ್ನೆ ಆಡಿದ್ದು. ನಾನು ನೋಡಿದ್ದೇನೆ.”

ಆಫೀಸಿನಲ್ಲಿ ನನ್ನ ಸ್ವರವನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಭಟ್ಟರು ಯಾರು ಮಾತಾಡಿದ್ದೆಂದು ಹಿಂದೆ ತಿರುಗಿ ನೋಡಿದರು. ಗೌಡರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕತೊಡಗಿದರು. ಬ್ಯಾರಿಗಳ ಭಾವಂದಿರು ಟ್ರಂಕನ್ನು ಮೆಲ್ಲನೆ ನೆಲಕ್ಕಿಳಿಸಿದರು.

“ಚೆನ್ನೆಯಾ?” ಎಂದರು ಬ್ಯಾರಿಗಳ ಅಣ್ಣ.

“ಗೆದ್ದದ್ದು ಯಾರು?” ಎಂದರು ವಸುಮತಿ ಅಮ್ಮ.

“ನಾನು” ಎಂದುಬಿಟ್ಟರು ಬ್ಯಾರಿಗಳು. ಆಮೇಲೆ ಬಾಯಿ ಮುಚ್ಚಿಕೊಂಡರು.

ಮಣೆಯ ಗುಟ್ಟನ್ನು ರೈಗಳೇ ಅವರಿಗೆ ಬಿಡಿಸಿ ಹೇಳಬೇಕಾಯಿತು. ಗೆದ್ದದ್ದನ್ನು ನಾಲ್ಕಕ್ಕೂ ಒಂಬತ್ತಕ್ಕೂ ಸುರಿದದ್ದೆಂದು ಬ್ಯಾರಿಗಳು ಒಪ್ಪಿಕೊಂಡರು. ತಾನು ಗೆದ್ದು ತನ್ನದೇ ಗುಳಿಗೆ ಸುರಿದದ್ದು ಕಡಬದ ಮನೆಯ ಗಂಜಿಯನ್ನು ನಿಲ್ಲಿಸಿತೆಂದು ತಿಳಿದಾಗ ಬ್ಯಾರಿಗಳು ತಲೆಗೆ ಕೈಹಚ್ಚಿ ಕೂತು, ಹಾಗೆಯೇ ನಗಲು ಶುರುಮಾಡಿದರು. ತನ್ನ ಏಳು ಗಂಟೆಗಳನ್ನು ತಾನೇ ಸೋತದ್ದೆಂದು ತಿಳಿದ ಗೌಡರು, “ಕೈ ಜಾರಿದ್ದು, ಆಗಲೇ ಹೇಳಿದ್ದೆ” ಎಂದರು. ಭಟ್ಟರು ರೈಗಳ ಕೈಯಿಂದ ಕೊಡೆ ತೆಗೆದುಕೊಂಡು ಮೊಳೆಗೆ ತೂಗುಹಾಕಿದರು. ಕ್ಷಮೆ ಕೇಳುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ. ಕೊಡೆಯನ್ನು ಮಾತ್ರ ತುಂಬ ನಾಜೂಕಾಗಿ ತೂಗುಹಾಕಿದರು.

ಆಗ ಬೆಂಚಿನ ತುದಿಯಿಂದ ಸಣ್ಣ ಸ್ವರ ಬಂತು.

“ಒಂಬತ್ತು ಯಾರದ್ದು?”

ಎಲ್ಲರೂ ತಿರುಗಿದರು. ಅವರು ಎದ್ದು ನಿಂತು ಕಾಗದ ಮುಂದೆ ಮಾಡಿದರು. “ನಾನು ಸುಹರಾ. ಈಶ್ವರಮಂಗಲ. ನಿಮಗೆಲ್ಲ ಒಂದು ಮಾತು ಹೇಳಿ ಹೋಗುವ ಅಂತ ಬಂದೆ. ನಮ್ಮ ಮನೆಯವರು ತೀರಿಹೋದ ಮೇಲೆ ನನ್ನ ಕೆಲಸಕ್ಕೆ ಅಂತ ಯಾರೂ ಹದಿನೈದು ನಿಮಿಷ ಕೂತವರಿಲ್ಲ. ಇದರಲ್ಲಿ ಹದಿನೈದು ಗಂಟೆ ಅಂತ ಉಂಟು. ಓದಿ ನನಗೆ...” ಅವರು ನಿಲ್ಲಿಸಿದರು. “ನಿಜದಲ್ಲಿ ಎಷ್ಟು?”

ಭಟ್ಟರು ರೈಗಳನ್ನು ನೋಡಿದರು. ರೈಗಳು ಕಪಾಟು ತೆರೆದು ಸುಹರಾರ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಅದಕ್ಕೆ ಕಟ್ಟಿದ ಕೆಂಪು ದಾರವೂ ದಾರದ ಎರಡು ಗಂಟೂ ಹಾಗೆಯೇ ಇದ್ದವು. ಆ ಗಂಟು ಹಾಕಿದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

“ಒಂದು ಕಾಯಿಯೂ ಇಲ್ಲ ಅಮ್ಮಾ” ಎಂದರು ರೈಗಳು.

ಸುಹರಾ ದಾರವನ್ನು ಒಮ್ಮೆ ಮುಟ್ಟಿದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. ಆಮೇಲೆ ಬಾಳೆಹಣ್ಣನ್ನು ಭಟ್ಟರ ಮೇಜಿನ ಮೇಲೆಯೂ ಡಬ್ಬಿಯನ್ನು ರೈಗಳ ಮೇಜಿನ ಮೇಲೆಯೂ ಇಟ್ಟರು. “ಇದು ಕಲ್ತಪ್ಪ, ಅಕ್ಕಿ ಬೆಲ್ಲದ್ದು. ಭಟ್ರು ನಮ್ಮಲ್ಲಿ ಮಾಡಿದ್ದು ತಿನ್ನುದಿಲ್ಲ ಅಂತ ಹಣ್ಣು ತಂದೆ. ತಂದದ್ದನ್ನು ವಾಪಸ್ ಕೊಂಡೋಗುದಿಲ್ಲ” ಎಂದು ಹೊರಟರು.

“ನಿಲ್ಲಿ ತಂಗೀ” ಎಂದವರು ಮೊಯ್ದೀನ್ ಬ್ಯಾರಿಗಳು. ಮಣೆಯ ಬಳಿಗೆ ಹೋಗಿ ನಿಂತರು. “ಭಟ್ರೇ, ನಾನು ಗೆದ್ದು ಆ ಗುಳಿಗೆ ಹಾಕಿದ ಕಾಯಿ ಅದು. ಹಾಕಿದ ಕಾಯಿ ತೆಗಿಯುವ ಕ್ರಮ ಉಂಟಾ?”

“ಎಲ್ಲಿಯೂ ಇಲ್ಲ” ಎಂದರು ಗೌಡರು, ಶನಿವಾರ ಇದೇ ಮಾತಿಗೆ ಜಗಳವಾಡಿದವರು.

“ನಮ್ಮ ಅಮ್ಮನ ಮನೆಯಲ್ಲಿಯೂ ಇಲ್ಲ” ಎಂದರು ವಸುಮತಿ ಅಮ್ಮ.

“ಹಾಗಾದರೆ ಅದು ಅವರ ಹದಿನೈದು ಗಂಟೆ. ಕೊಡ್ಲೇಬೇಕು. ನನ್ನ ಟ್ರಂಕು ಇಲ್ಲೇ ಇರ್ಲಿ, ನನಗೆ ಅರ್ಜೆಂಟ್ ಇಲ್ಲ.”

“ನನ್ನದೂ ಇಲ್ಲ” ಎಂದರು ಗೌಡರು. “ನನಗೆ ಆ ಅರ್ಧ ಗಂಟೆ ಸಾಕು. ಭಾವನಿಗೆ ನಾನು ಹೇಳ್ತೇನೆ.”

ಭಟ್ಟರು ಪುಸ್ತಕವನ್ನು ತಮ್ಮೆಡೆಗೆ ಎಳೆದು ದಾರ ಬಿಚ್ಚಿ ಒಂದು ಪುಟ ತೆರೆದರು. ಮಲಯಾಳದ ಅಕ್ಷರಗಳು ಉದ್ದಿನ ಚಕ್ಕುಲಿಗಳ ಹಾಗೆ ಸಾಲಾಗಿ ಕೂತಿದ್ದವು. ಅವರು ಪುಟವನ್ನು ನೇರ ಮಾಡಿ ನೋಡಿದರು, ಓರೆ ಮಾಡಿ ನೋಡಿದರು. ಬೊಂಬಾಯಿಯವರು ಈ ವಿಷಯ ಹೇಳಿರಲಿಲ್ಲ. ಉದಯಶಂಕರನ ಬಿ.ಕಾಂ.ನಲ್ಲಿಯೂ ಇದು ಇದ್ದ ಹಾಗಿರಲಿಲ್ಲ.

“ಬುಧವಾರ, ಗುರುವಾರ, ಶುಕ್ರವಾರ” ಎಂದು ಎಣಿಸಿ ಪುಸ್ತಕವನ್ನು ರೈಗಳ ಮೇಜಿಗೆ ದೂಡಿದರು. “ಕೂತ್ಕೊಳ್ಳಿ ರೈಗಳೇ.”

ರೈಗಳು ಕೂತರು. ಕುರ್ಚಿ ಕಿರ್ರೆಂದಿತು, ಮನೆಯವರು ಬಂದರು ಎನ್ನುವ ಹಾಗೆ.

ಮೂರು ದಿನ ಸುಹರಾ ಈಶ್ವರಮಂಗಲದ ಬಸ್ಸಿನಲ್ಲಿ ಬಂದು ಹೋದರು. ಅವರು ಓದಿ ಹೇಳುವುದು, ರೈಗಳು ಕನ್ನಡದಲ್ಲಿ ಬರೆಯುವುದು, ನಾನು ಕೂಡಿಸುವುದು. ನಡುವೆ ಬ್ರಾಂಚಿಗೆ ಬರುವ ಹೆಂಗಸರ ಮಕ್ಕಳ ಶಾಲೆಯ ಸುದ್ದಿ, ರೈಗಳ ಅಜ್ಜನ ಮನೆಯ ಸುದ್ದಿ. ಈ ಸಲ ನಾವು ಹೊಸದಾಗಿ ಕಾಯಿ ಹಾಕಲಿಲ್ಲ. ಅರ್ಧ ಗಂಟೆಗೊಂದರಂತೆ ಒಂಬತ್ತನೆಯ ಗುಳಿಯಿಂದ ತೆಗೆಯುತ್ತಾ ಬಂದೆವು. ಶುಕ್ರವಾರ ಮಧ್ಯಾಹ್ನ ಮೂವತ್ತನೆಯ ಕಾಯಿ ತೆಗೆಯುವಾಗ ಕೊನೆಯ ಪುಟ ಮುಗಿಯಿತು. ಹಾಗೆ ಸರಿಯಾಗಿ ಮುಗಿಯಿತೋ, ರೈಗಳು ಸರಿಯಾಗಿ ಮುಗಿಯುವಷ್ಟು ಅಜ್ಜನ ಮನೆಯ ಸುದ್ದಿ ಹೇಳಿದರೋ, ನಾನು ವಿಚಾರಿಸಲಿಲ್ಲ.

ಸುಹರಾ ಹೋಗುವಾಗ, “ಬರುವ ವರ್ಷ ಪುಸ್ತಕ ಕಂಡಕ್ಟರರ ಕೈಯಲ್ಲಿ ಬರುದಿಲ್ಲ. ನಾನೇ ತರುದು” ಎಂದರು.

ಶನಿವಾರ ಬೆಳಿಗ್ಗೆ ರಿಟರ್ನ್ ಕೊಟ್ಟು ಬಂದ ಭಟ್ಟರು ಉದಯಶಂಕರನಿಗೆ ಒಂದು ಕಾರ್ಡು ಬರೆಸಿದರು: ‘ಇಲ್ಲಿ ಸದ್ಯಕ್ಕೆ ಕುರ್ಚಿ ಖಾಲಿ ಇಲ್ಲ.’ ನಾನು ಬರೆದೆ. ಆಮೇಲೆ ಅವರು ವಸುಮತಿ ಅಮ್ಮನಿಗೆ ಹಿಂದಿರುಗಿಸಲೆಂದು ಮಣೆ ಎತ್ತಿಕೊಂಡವರು ನಿಂತರು.

“ರೈಗಳೇ, ಈ ಹದಿನಾಲ್ಕರಲ್ಲಿ ಆರು ಕಾಯಿ ಉಂಟಲ್ಲ. ‘ಇತರ’ ಅಂದರೆ ಎಂತ?”

ರೈಗಳು ಕನ್ನಡಕ ಹುಡುಕಿದರು. ಅದು ಮೂಗಿನ ಮೇಲೆಯೇ ಇತ್ತು. ನನ್ನ ಕಿವಿ ಬಿಸಿಯಾಯಿತು. ಭಟ್ಟರು ರೈಗಳನ್ನು ಬಿಟ್ಟು ನನ್ನನ್ನು ನೋಡಿದರು, ನನ್ನನ್ನು ಬಿಟ್ಟು ನಾನು ಮೂರು ದಿನ ಕೂಡಿಸಿದ ಕಾಗದವನ್ನು ನೋಡಿದರು. ಮೊತ್ತಗಳ ಮೇಲೆ ಬೆರಳಾಡಿಸುತ್ತಾ ಕೆಳಗಿನವರೆಗೂ ಹೋದರು. ತಪ್ಪು ಸಿಗಲಿಲ್ಲ.

“ಪೆನ್ನನ್ನು ಇಷ್ಟು ಒತ್ತಿ ಬರೀಬಾರದು ಸೀತು. ಕಾಗದ ಹರೀತದೆ. ಇಲ್ಲಿ ನೋಡು, ಹೀಗೆ ಹಿಡಿ” ಎಂದು ನನ್ನ ಪೆನ್ನು ತೆಗೆದುಕೊಂಡು ಎರಡು ಸಾಲು ಬರೆದು ತೋರಿಸಿದರು. ನಾನು ಬರೆದೆ. “ಹಾಂ, ಹಾಗೆ” ಎಂದರು.

ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ಒಂದು ಮಂಜೊಟ್ಟಿ ಕಾಯಿ ಹೆಕ್ಕಿ ಹದಿನಾಲ್ಕನೆಯ ಗುಳಿಗೆ ಹಾಕಿದರು.

“ಅರ್ಧ ಗಂಟೆ ಆಗ್ಲಿಲ್ಲ ಭಟ್ರೇ. ಐದು ನಿಮಿಷ ಆದದ್ದು” ಎಂದರು ರೈಗಳು. ಲೆಕ್ಕದಲ್ಲಿ ಅವರು ಯಾರನ್ನೂ ಬಿಡುವವರಲ್ಲ.

“ಹಾಕಿ ಆಯ್ತಲ್ಲ ಮಾರಾಯ್ರೆ” ಎಂದರು ಭಟ್ಟರು. “ಇನ್ನು ತೆಗಿಯುವ ಕ್ರಮ ಇಲ್ಲವಂತೆ.”